ಗೋಡೆಯಿಲ್ಲದ ಜಾಗದಲ್ಲಿ ಕ್ಯಾರಲ್, ಬ್ಯಾಂಡು: ಮಂಗಳೂರಿನ ಮೈದಾನದಲ್ಲಿ ಉಚಿತ ಕ್ರಿಸ್‌ಮಸ್ ಸಂಗೀತ ಸಂಜೆ ನಡೆಸುವುದು ಹೇಗೆ

ಇಗರ್ಜಿಯೊಳಗೆ ಮೂವತ್ತು ಜನರ ಕ್ವಾಯರ್ ಹಾಡಿದರೆ ಗೋಡೆ, ಮಾಡು ಎಲ್ಲವೂ ಅವರ ಜೊತೆ ಹಾಡುತ್ತವೆ. ಅದೇ ಮೂವತ್ತು ಮಂದಿಯನ್ನು ಹೊರಗೆ ಮೈದಾನದಲ್ಲಿ ನಿಲ್ಲಿಸಿ ನೋಡಿ, ಹತ್ತನೇ ಸಾಲಿನವರಿಗೆ ತುಟಿ ಅಲ್ಲಾಡುವುದು ಮಾತ್ರ ಕಾಣುತ್ತದೆ. ಬ್ಯಾಂಡಿನವರ ಕತೆ ಉಲ್ಟಾ. ಮದುವೆಯ ದಿಬ್ಬಣ, ಹಬ್ಬದ ಮೆರವಣಿಗೆ, ತೇರು ಎಂದು ಅವರ ವಾದ್ಯಗಳು ಪಳಗಿದ್ದೇ ಬೀದಿಯಲ್ಲಿ. ಈ ಇಬ್ಬರನ್ನೂ ಒಂದೇ ಸಂಜೆ, ಒಂದೇ ಬಯಲಿನಲ್ಲಿ ಕೂರಿಸುವುದಾದರೆ ಸ್ಥಳ, ಶ್ರುತಿ, ಸರದಿ, ಮೈಕು ಎಲ್ಲವನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ತೀರ್ಮಾನಿಸಬೇಕು: ಹಾಡುವವರ ದನಿ ಕೇಳುತ್ತದೆಯೇ? ಬ್ಯಾಂಡಿನ ಚಿಂತೆ ಬೇಡ, ಅದು ಹೇಗಿದ್ದರೂ ಕೇಳುತ್ತದೆ.

ಮುಂದಿನ ಲೆಕ್ಕವೆಲ್ಲ 3-4 ಕ್ವಾಯರ್, 2 ಬ್ಯಾಂಡ್, 600-800 ಪ್ರೇಕ್ಷಕರು, ಎರಡೂವರೆ ಗಂಟೆಯ ಕಾರ್ಯಕ್ರಮ ಎಂಬ ಅಂದಾಜಿನದು.

ದಿನ ಗೊತ್ತುಪಡಿಸುವುದು

ಡಿಸೆಂಬರ್ ನಡುವಿನ ಶನಿವಾರ ಅಥವಾ ಭಾನುವಾರ ಒಳ್ಳೆಯದು. ಬ್ಯಾಂಡಿನವರು ಸಿಗುವುದೂ ಆಗಲೇ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ಕಥೋಲಿಕರು ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ನವೆಂಬರ್ ಕೊನೆಯವರೆಗೆ ಬಿಡುವಿಲ್ಲದ ಬ್ಯಾಂಡುಗಳಿಗೆ ಆ ಮೂರ್ನಾಲ್ಕು ವಾರ ಕೈ ಖಾಲಿ. ಡಿಸೆಂಬರ್ 26 ದಾಟಿತೋ ಮತ್ತೆ ಮದುವೆಗಳ ಸಾಲು, ಜನವರಿಯಲ್ಲಿ ಅತ್ತೂರು ಜಾತ್ರೆಯಂಥ ವಾರ್ಷಿಕ ಹಬ್ಬಗಳು. "ಕ್ರಿಸ್‌ಮಸ್ ಕಳೆದ ಮೇಲೆ ನಿಧಾನಕ್ಕೆ ಮಾಡೋಣ" ಎನ್ನುವ ಸಮಿತಿಗೆ ಬ್ಯಾಂಡ್ ಸಿಗುವುದಿಲ್ಲ, ಸಿಕ್ಕರೆ ಅರ್ಧ ತಂಡ ಬರುತ್ತದೆ.

ಮೈದಾನದ ಮಾತು ಬೇರೆ. ಡಿಸೆಂಬರ್ ಎಂದರೆ ಶಾಲಾ ವಾರ್ಷಿಕೋತ್ಸವಗಳ ತಿಂಗಳು, ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟ ತಿಂಗಳು, ವಾರಾಂತ್ಯವಾದರೆ ಕಂಬಳ. ಅಕ್ಟೋಬರ್ ಮೊದಲ ವಾರವೇ ಜಾಗ ಕಾದಿರಿಸಿ. ಅದೇ ರಾತ್ರಿ ಅರ್ಧ ಕಿಲೋಮೀಟರಿನೊಳಗೆ ಬಯಲಾಟ ಅಥವಾ ಕೋಲ ಇದೆಯೇ ಎಂದು ಊರಿನವರನ್ನು ವಿಚಾರಿಸಿ. ಚೆಂಡೆಯ ಎದುರು ಕ್ಯಾರಲ್ (ಕ್ರಿಸ್‌ಮಸ್ ಹಾಡು) ನಿಲ್ಲುವುದಿಲ್ಲ, ನಿಲ್ಲಿಸಲು ಹೋಗುವುದು ಶೋಭೆಯೂ ಅಲ್ಲ.

ಸೂರ್ಯ ಮುಳುಗುವುದು ಸುಮಾರು 6.05ಕ್ಕೆ. 6.30ಕ್ಕೆ ಶುರು ಮಾಡಿ 9ಕ್ಕೆ ಮುಗಿಸಿ.

ವೇದಿಕೆ ಎಲ್ಲಿ

ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 5 ಮೀಟರಿನಲ್ಲಿ ಚೆನ್ನಾಗಿ ಕೇಳುವ ಕ್ವಾಯರ್ 20 ಮೀಟರಿನಲ್ಲಿ 12 ಡೆಸಿಬಲ್ ಕಳೆದುಕೊಂಡಿರುತ್ತದೆ. ಹಾಗಾಗಿ ಉದ್ದನೆಯ ಮೈದಾನದ ಕೊನೆಯಲ್ಲಿ ವೇದಿಕೆ ಹಾಕಬೇಡಿ. ಉದ್ದನೆಯ ಬದಿಯ ಮಧ್ಯೆ ಹಾಕಿದರೆ ಕೊನೆಯ ಸಾಲು 25 ಮೀಟರಿನೊಳಗೆ ನಿಲ್ಲುತ್ತದೆ.

ಹಿಂದೆ ಒಂದು ಗೋಡೆ ಇರಲಿ. ಚರ್ಚ್ ಕಟ್ಟಡದ ಮುಖಮಂಟಪವಾದರೆ ಉತ್ತಮ, ಶಾಲೆಯ ಗೋಡೆಯೂ ಆದೀತು. ಅದೂ ಇಲ್ಲದಿದ್ದರೆ ಕ್ವಾಯರ್ ನಿಲ್ಲುವ ಮೆಟ್ಟಿಲುಗಳ ಒಂದೂವರೆ ಮೀಟರ್ ಹಿಂದೆ 8 ಅಡಿ ಎತ್ತರಕ್ಕೆ ಪ್ಲೈವುಡ್ ಹಲಗೆ ನಿಲ್ಲಿಸಿ. ಶಾಮಿಯಾನದ ಬಟ್ಟೆ, ಫ್ಲೆಕ್ಸ್ ಬ್ಯಾನರ್ ಗೋಡೆಯ ಕೆಲಸ ಮಾಡುವುದಿಲ್ಲ. ಬಟ್ಟೆಯೊಳಗೆ ಸದ್ದು ತೂರಿ ಹೋಗುತ್ತದೆ, ಫ್ಲೆಕ್ಸ್ ಗಾಳಿಗೆ ಪಟಪಟ ಎನ್ನುತ್ತದೆ. ಆ ಪಟಪಟ ಮೈಕಿಗೂ ಹೋಗುತ್ತದೆ.

ಗಾಳಿಯ ದಿಕ್ಕು ನೋಡಿ. ಕರಾವಳಿಯಲ್ಲಿ ಮಧ್ಯಾಹ್ನದ ನಂತರ ಸಮುದ್ರದ ಕಡೆಯಿಂದ, ಎಂದರೆ ಪಡುವಣದಿಂದ, ಗಾಳಿ. ಕತ್ತಲಾಗುತ್ತ ತಗ್ಗುತ್ತದೆ, ರಾತ್ರಿ ಏರಿದ ಮೇಲೆ ತಿರುಗುತ್ತದೆ. ಗಾಳಿಯ ಜೊತೆ ಹೋಗುವ ಸದ್ದು ನೆಲದ ಕಡೆ ಬಾಗುತ್ತದೆ, ಎದುರಾದರೆ ಮೇಲಕ್ಕೆ ಹಾರಿ ಹೋಗುತ್ತದೆ. ಆದ್ದರಿಂದ ವೇದಿಕೆ ಪಶ್ಚಿಮದ ಬದಿಯಲ್ಲಿದ್ದು ಪೂರ್ವಕ್ಕೆ ಮುಖ ಮಾಡಲಿ. ಪ್ರೇಕ್ಷಕರ ಕಣ್ಣಿಗೆ ಸೂರ್ಯ ಹೊಡೆಯುವ ಭಯವಿಲ್ಲ, ಶುರುವಾಗುವ ಹೊತ್ತಿಗೆ ಅವನು ಮುಳುಗಿರುತ್ತಾನೆ.

ಬ್ಯಾಂಡನ್ನು ವೇದಿಕೆಗೆ ಹತ್ತಿಸಬೇಡಿ. ಅವರಿಗೆ ನೆಲದ ಮೇಲೆ, ವೇದಿಕೆಯ ಎಡಕ್ಕೊಂದು ಬಲಕ್ಕೊಂದು ಜಾಗ ಗುರುತಿಸಿ: 12-15 ಮೀಟರ್ ಪಕ್ಕಕ್ಕೆ, ತುಸು ಮುಂದಕ್ಕೆ. ಟ್ರಂಪೆಟ್, ಟ್ರೊಂಬೋನಿನ ಬಾಯಿ ನೇರಕ್ಕೆ ಹೊಡೆಯುತ್ತದೆ. ಅವು ಕ್ವಾಯರ್ ಮೈಕಿನ ಕಡೆ ತಿರುಗಿದ್ದರೆ ಮುಗಿಯಿತು. ತಗ್ಗು ದನಿಯ ದೊಡ್ಡ ಹಿತ್ತಾಳೆ ವಾದ್ಯ ಯುಫೋನಿಯಮ್ಮಿನ ಬಾಯಿ ಆಕಾಶಕ್ಕೆ. ಒಳಾಂಗಣದಲ್ಲಿ ಮಾಡಿಗೆ ಬಡಿದು ಕೆಳಗೆ ಬರುವ ಅದರ ನಾದ ಬಯಲಿನಲ್ಲಿ ನಕ್ಷತ್ರಗಳ ಪಾಲು. ಯುಫೋನಿಯಂ ನುಡಿಸುವವರನ್ನು ಗೋಡೆಗೆ ತೀರ ಹತ್ತಿರ, ಸಾಧ್ಯವಾದರೆ ಎರಡು ಗೋಡೆ ಸೇರುವ ಮೂಲೆಯಲ್ಲಿ ಕೂರಿಸಿ. ಮೈಕಿಲ್ಲದೆ ಬ್ಯಾಂಡಿನ ತಳ ಗಟ್ಟಿಯಾಗುವುದು ಹೀಗೆ.

ಯಾವ ಶ್ರುತಿ

ಹೆಚ್ಚಿನ ಜಗಳ ಇಲ್ಲೇ ಹುಟ್ಟುತ್ತದೆ. ನಮ್ಮ ಕ್ವಾಯರ್‌ಗಳು ಗಿಟಾರು, ಕೀಬೋರ್ಡಿನ ಜೊತೆ ಅಭ್ಯಾಸ ಮಾಡುತ್ತವೆ. ಗಿಟಾರಿನವರಿಗೆ ಇ, ಎ, ಡಿ, ಜಿ ಸಲೀಸು. ಬ್ಯಾಂಡಿನ ಟ್ರಂಪೆಟ್, ಕ್ಲಾರಿನೆಟ್, ಟೆನರ್ ಸ್ಯಾಕ್ಸೊಫೋನ್ ಬಿ-ಫ್ಲಾಟ್ ವಾದ್ಯಗಳು, ಎಂದರೆ ಹಾಳೆಯಲ್ಲಿ ಸಿ ಎಂದಿದ್ದರೆ ಕೇಳುವುದು ಬಿ-ಫ್ಲಾಟ್; ಆಲ್ಟೊ ಸ್ಯಾಕ್ಸೊಫೋನ್ ಇ-ಫ್ಲಾಟ್. ಕ್ವಾಯರ್ ಇ ಮೇಜರ್‌ನಲ್ಲಿ ಹಾಡಿದರೆ ಟ್ರಂಪೆಟಿನವನ ಹಾಳೆಯಲ್ಲಿ 6 ಶಾರ್ಪ್ (ಅರ್ಧ ಸ್ವರ ಏರಿಸುವ ಗುರುತು), ಆಲ್ಟೊದವನಿಗೆ 7. ದಿನವಿಡೀ ಕೆಲಸ ಮಾಡಿ ಸಂಜೆ ಬ್ಯಾಂಡಿಗೆ ಬರುವ ಹುಡುಗನಿಗೆ ಇದು ಶಿಕ್ಷೆ. ತಪ್ಪು ಸ್ವರ ಬಂದಾಗ ಬೈಗುಳ ಅವನಿಗೆ, ಶ್ರುತಿ ಆರಿಸಿದವನಿಗಲ್ಲ.

ಒಟ್ಟಿಗೆ ನುಡಿಸುವ ಹಾಡುಗಳನ್ನೆಲ್ಲ ಬಿ-ಫ್ಲಾಟ್, ಇ-ಫ್ಲಾಟ್, ಎಫ್ ಈ ಮೂರರಲ್ಲೇ ಇಡಿ. ಕನ್ಸರ್ಟ್ (ಕಿವಿಗೆ ಕೇಳುವ) ಬಿ-ಫ್ಲಾಟ್ ಎಂದರೆ ಟ್ರಂಪೆಟಿಗೆ ಬರೀ ಸಿ, ಆಲ್ಟೊಗೆ ಜಿ. ಇ-ಫ್ಲಾಟ್ ಎಂದರೆ ಟ್ರಂಪೆಟಿಗೆ ಎಫ್, ಆಲ್ಟೊಗೆ ಸಿ. ಎಫ್ ಆದರೆ ಟ್ರಂಪೆಟಿಗೆ ಜಿ, ಆಲ್ಟೊಗೆ ಡಿ. ಗಿಟಾರಿನವರು ಮುಖ ಸಿಂಡರಿಸಬೇಕಾಗಿಲ್ಲ, ತಂತಿಗಳನ್ನು ಅಡ್ಡಕ್ಕೆ ಒತ್ತಿ ಹಿಡಿಯುವ ಕ್ಯಾಪೊ ಇದೆ: ಬಿ-ಫ್ಲಾಟಿಗೆ 3ನೇ ಫ್ರೆಟ್ಟಿನಲ್ಲಿ ಕ್ಯಾಪೊ ಹಾಕಿ ಜಿ ಹಿಡಿತ, ಇ-ಫ್ಲಾಟಿಗೆ 1ನೇ ಫ್ರೆಟ್ಟಿನಲ್ಲಿ ಡಿ ಹಿಡಿತ, ಎಫ್‌ಗೆ 3ರಲ್ಲಿ ಡಿ ಹಿಡಿತ.

ಜನರೂ ಹಾಡಬೇಕಾದ ಗೀತೆಯಲ್ಲಿ ಮೇಲಿನ ಸ್ವರ ಇ-ಫ್ಲಾಟ್ ದಾಟದಿರಲಿ. 1818ರಲ್ಲಿ ಆಸ್ಟ್ರಿಯದ ಒಬರ್ನ್‌ಡೋರ್ಫಿನಲ್ಲಿ ಮೊದಲು ಹಾಡಿದ 'ಸೈಲೆಂಟ್ ನೈಟ್' ಇಲ್ಲಿ ಒಳ್ಳೆಯ ಉದಾಹರಣೆ: ಸಿ ಶ್ರುತಿಯಲ್ಲಿ ಅದು ಮೇಲಿನ ಎಫ್‌ವರೆಗೆ ಏರುತ್ತದೆ, ಜನ ಕೀರಲುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ. ಬಿ-ಫ್ಲಾಟಿಗೆ ಇಳಿಸಿದರೆ ಇ-ಫ್ಲಾಟಿನಲ್ಲೇ ನಿಲ್ಲುತ್ತದೆ, ಬ್ಯಾಂಡಿಗೂ ಸುಲಭ. ಅಂದಹಾಗೆ ಮೊದಲ ಸಲ ಅದಕ್ಕೆ ಇದ್ದದ್ದು ಗಿಟಾರಿನ ಪಕ್ಕವಾದ್ಯ. ಪೂರ್ತಿ ಬ್ಯಾಂಡು, ತಾಳ, ಡ್ರಮ್ಮು ಹಚ್ಚಿ ಅದನ್ನು ನುಡಿಸುವ ಅಭ್ಯಾಸ ಬಿಟ್ಟರೆ ಒಳ್ಳೆಯದು. ಮೊದಲ ಚರಣ ಗಿಟಾರು, ಎರಡನೆಯದಕ್ಕೆ ಎರಡೇ ಯುಫೋನಿಯಂ, ಮೂರನೆಯದಕ್ಕೆ ಮಾತ್ರ ಎಲ್ಲರೂ. ಅಲ್ಲೂ ಡ್ರಮ್ ಬೇಡ.

ಸೆಖೆ ಮತ್ತು ಶ್ರುತಿ

ಚಳಿ ದೇಶದ ಕೈಪಿಡಿಗಳು ಊದುವ ವಾದ್ಯ ಬೆಚ್ಚಗಿಡಲು ಹೇಳುತ್ತವೆ. ಮಂಗಳೂರಿನಲ್ಲಿ ತೊಂದರೆ ಇನ್ನೊಂದು ಕಡೆಯಿಂದ. ನಳಿಕೆಯೊಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ (ಅರ್ಧ ಸ್ವರಕ್ಕೆ 100 ಸೆಂಟ್). ಡಿಸೆಂಬರಿನಲ್ಲೂ ಹಗಲು 32-33 ಡಿಗ್ರಿ ಇರುವ ಊರು ಇದು. ಮೂರು ಗಂಟೆಗೆ ಬಿಸಿಲಲ್ಲಿ ಇಟ್ಟ ಟ್ರಂಪೆಟ್ಟನ್ನು ನಾಲ್ಕೂವರೆಗೆ ಎತ್ತಿ ಊದಿದರೆ ಟ್ಯೂನರಿನ ಮುಳ್ಳು 440 ಹರ್ಟ್ಸ್‌ನಲ್ಲಿ (ಎ ಸ್ವರದ ರೂಢಿಯ ಅಳತೆ) ನಿಲ್ಲುವುದಿಲ್ಲ, 444-445ರ ಹತ್ತಿರ ಆಡುತ್ತದೆ. ಕೀಬೋರ್ಡ್ ಮಾತ್ರ ಕಾರ್ಖಾನೆಯವರು ಇಟ್ಟ 440ರಲ್ಲೇ ಕೂತಿರುತ್ತದೆ. ಕ್ವಾಯರ್ ಕೀಬೋರ್ಡನ್ನು ನಂಬಿ ಹಾಡುತ್ತಿದೆ, ನಡುವೆ ಬ್ಯಾಂಡ್ ಸೇರುತ್ತದೆ, ಆ ಕ್ಷಣಕ್ಕೆ ಹುಳಿ ಕಚ್ಚಿದ ಹಾಗೆ ಎಲ್ಲರ ಮುಖವೂ ಕಿವುಚಿಕೊಳ್ಳುತ್ತದೆ.

ಮಾಡಬೇಕಾದ್ದು ಇಷ್ಟು. ವಾದ್ಯಗಳು ಸಂಜೆಯವರೆಗೆ ನೆರಳಲ್ಲಿರಲಿ, ಕಾರಿನ ಡಿಕ್ಕಿಯಲ್ಲಿ ಬೇಡ. 6.10ಕ್ಕೆ, ಹತ್ತು ನಿಮಿಷ ಊದಿ ಬೆಚ್ಚಗಾದ ಮೇಲೆ, ಶ್ರುತಿ ಮಾಡಿ. ಅದಕ್ಕೂ ಮುಂಚೆ ಮಾಡಿದ್ದು ಲೆಕ್ಕಕ್ಕಿಲ್ಲ. ಟ್ರಂಪೆಟಿನ ದೊಡ್ಡ ಸ್ಲೈಡನ್ನು 1 ಸೆಂಟಿಮೀಟರ್ ಎಳೆದರೆ ನಳಿಕೆ 2 ಸೆಂಟಿಮೀಟರ್ ಉದ್ದವಾಗಿ ಶ್ರುತಿ 20-25 ಸೆಂಟ್ ಇಳಿಯುತ್ತದೆ. ಸ್ಯಾಕ್ಸೊಫೋನಿನವರು ಬಾಯಿತುಂಡನ್ನು ಕಾರ್ಕಿನ ಮೇಲೆ ಹೊರಗೆ ಜಾರಿಸಲಿ, ಕ್ಲಾರಿನೆಟಿನವರು ಬ್ಯಾರಲ್ ಎಳೆಯಲಿ. ಇಷ್ಟಾದರೂ ಇಳಿಯದ ತಂಡವಿದ್ದರೆ ಹಠ ಬೇಡ. ಕೀಬೋರ್ಡಿನ ಮಾಸ್ಟರ್ ಟ್ಯೂನ್ ತೆರೆದು 442ಕ್ಕೋ 443ಕ್ಕೋ ಏರಿಸಿ. ಗಿಟಾರುಗಳನ್ನು ಆಮೇಲೆ ಕೀಬೋರ್ಡಿಗೆ ಹೊಂದಿಸಿ. ಬಹಳ ಕೀಬೋರ್ಡುಗಳಲ್ಲಿ ಈ ಸೌಲಭ್ಯ ಇದೆ, ಅದನ್ನು ಮುಟ್ಟಿದವರು ಕಡಿಮೆ.

ಬಯಲಲ್ಲಿ ಮಾತು ಉಳಿಯುವುದು

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಕಾಲದಿಂದ ಇಲ್ಲಿ ಯುರೋಪಿನ ರಾಗಗಳಿಗೆ ಕನ್ನಡ ಮಾತು ಕೂರಿಸಿ ಹಾಡುವ ರೂಢಿ ಇದೆ. ಕಥೋಲಿಕ ಚರ್ಚುಗಳ ಕೊಂಕಣಿ ನಾತಾಳ್ (ಕ್ರಿಸ್‌ಮಸ್) ಗೀತೆಗಳು, ತುಳು, ಮಲಯಾಳ, ಇಂಗ್ಲಿಷ್ ಎಲ್ಲ ಸೇರಿದರೆ ಸಂಜೆಗೆ ಬಣ್ಣ ಬರುತ್ತದೆ. ಪ್ರತಿ ಕ್ವಾಯರ್ ಕನಿಷ್ಠ ಒಂದು ಹಾಡನ್ನಾದರೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಹಾಡಬೇಕೆಂದು ಆಹ್ವಾನ ಪತ್ರದಲ್ಲೇ ಬರೆಯಿರಿ. ಇಲ್ಲದಿದ್ದರೆ ನಾಲ್ಕು ತಂಡಗಳೂ ಅದೇ ಐದು ಇಂಗ್ಲಿಷ್ ಕ್ಯಾರಲ್ ತರುತ್ತವೆ. ನವೆಂಬರ್ ಮೊದಲ ವಾರ ಪಟ್ಟಿ ತರಿಸಿಕೊಂಡು ಪುನರಾವರ್ತನೆ ತೆಗೆಯಿರಿ. ಮೊದಲು ಕಳಿಸಿದವರಿಗೆ ಆ ಹಾಡು, ಅಷ್ಟೇ.

ಕನ್ನಡ ಹಾಡುವಾಗ ಬಯಲಿನಲ್ಲಿ ಎರಡು ಕಡೆ ಮಾತು ಕಳೆದುಹೋಗುತ್ತದೆ. ಮೊದಲನೆಯದು ಸಾಲಿನ ಕೊನೆಯ ಹ್ರಸ್ವ 'ಉ'. 'ಬಂದನು', 'ತಂದನು' ಎಂಬಲ್ಲಿ ಆ 'ನು' ಮಾತಿನಲ್ಲಿ ನುಂಗಿಹೋಗುವಂಥದ್ದು. ಇಗರ್ಜಿಯಲ್ಲಿ ಮಾರ್ದನಿ ಅದನ್ನು ಎತ್ತಿ ಹಿಡಿಯುತ್ತದೆ, ಹೊರಗೆ 'ಬಂದ' ಎಂದು ಕೇಳಿ ಅಲ್ಲಿಗೇ ನಿಲ್ಲುತ್ತದೆ. ಕೊನೆಯ ಸ್ವರಕ್ಕೆ ಒಂದು ಪೂರ್ತಿ ಮಾತ್ರೆ ಕೊಟ್ಟು, ತುಟಿ ದುಂಡಾಗಿಸಿ ಹಿಡಿಯಲು ಕಲಿಸಿ. ಎರಡನೆಯದು ದ್ವಿತ್ವ. 'ಹುಟ್ಟಿದ' ಎಂಬಲ್ಲಿ 'ಟ್ಟ' ಬಂದಾಗ ಉಸಿರು ಅರೆಕ್ಷಣ ಕಟ್ಟುತ್ತದೆ. ಮೂವತ್ತು ಜನ ಮೂವತ್ತು ಸಮಯಕ್ಕೆ ಕಟ್ಟಿ ಬಿಟ್ಟರೆ ಮೈಕಿನಲ್ಲಿ ಅಕ್ಕಿ ಚೆಲ್ಲಿದ ಸದ್ದು. ಆ ಪದಗಳ ಕೆಳಗೆ ಹಾಳೆಯಲ್ಲಿ ಗೆರೆ ಎಳೆದು, ರಾಗವಿಲ್ಲದೆ ಬರೀ ಲಯದಲ್ಲಿ ಹತ್ತು ಸಲ ಹೇಳಿಸಿ.

ಅನುವಾದದ ಕ್ಯಾರಲ್‌ಗಳಲ್ಲಿ ಇನ್ನೊಂದು ಗಂಟು. ಇಂಗ್ಲಿಷ್ ರಾಗಗಳು ಹಲವು ಸಲ ತಾಳದ ಪೆಟ್ಟಿಗೆ ಮುಂಚೆ ಒಂದು ಎತ್ತುಗಡೆ ಸ್ವರದಿಂದ ಶುರುವಾಗುತ್ತವೆ. ಕನ್ನಡ ಪದಕ್ಕೆ ಒತ್ತು ಮೊದಲ ಅಕ್ಷರದ ಮೇಲೆ. ಎತ್ತುಗಡೆಯಲ್ಲಿ ಪದದ ಮೊದಲ ಅಕ್ಷರ ಬಿದ್ದರೆ 'ದೇವ' ಎಂಬುದು 'ದೆವಾ' ಆಗುತ್ತದೆ. 'ಓ', 'ಆ', 'ಈ' ಯಂಥ ಒಂದಕ್ಷರವನ್ನು ಅಲ್ಲಿಟ್ಟು ಮುಖ್ಯ ಪದವನ್ನು ಪೆಟ್ಟಿಗೆ ತಳ್ಳಿ.

ಪ್ರತಿ ಕ್ವಾಯರ್ ಕೊನೆಯ ಎರಡು ಅಭ್ಯಾಸವನ್ನು ಹೊರಗೆ ಅಂಗಳದಲ್ಲಿ ಮಾಡಲೇಬೇಕು. ಮಾರ್ದನಿ ಇಲ್ಲದಾಗ ಪಕ್ಕದವರ ದನಿ ಕೇಳುವುದಿಲ್ಲ, ಒಬ್ಬೊಬ್ಬರೂ ಒಂಟಿ ಎನಿಸಿ ಕಿರುಚಲು ತೊಡಗುತ್ತಾರೆ, ಎರಡನೇ ಹಾಡಿಗೆ ಗಂಟಲು ಹೋಗಿರುತ್ತದೆ. ಭುಜಕ್ಕೆ ಭುಜ ತಾಗುವಷ್ಟು ಹತ್ತಿರ, ಅರ್ಧಚಂದ್ರಾಕಾರದಲ್ಲಿ, ಮೂರು ಮೆಟ್ಟಿಲ ಸಾಲಿನಲ್ಲಿ ನಿಲ್ಲಿಸಿ.

ಮೈಕು, ದೀಪ, ಹುಳ

ಮೂವತ್ತು ಜನರಿಗೆ 3 ಕಂಡೆನ್ಸರ್ ಮೈಕ್ ಸಾಕು. ಮುಂದಿನ ಸಾಲಿನಿಂದ ಮುಕ್ಕಾಲು ಮೀಟರ್ ದೂರ, ಹಿಂದಿನ ಸಾಲಿನ ತಲೆಗಿಂತ ಎರಡು ಅಡಿ ಮೇಲೆ, ಬಾಯಿ ಕೆಳಮುಖವಾಗಿ. ಒಂದು ಮೈಕಿನಿಂದ ಇನ್ನೊಂದಕ್ಕೆ ಇರುವ ದೂರ, ಮೈಕಿನಿಂದ ಹಾಡುವವರಿಗಿರುವ ದೂರದ ಮೂರು ಪಟ್ಟಾದರೂ ಇರಲಿ. ಹತ್ತು ಮೈಕ್ ಇಟ್ಟರೆ ಹತ್ತು ಪಟ್ಟು ಚೆನ್ನಾಗಿ ಕೇಳುತ್ತದೆ ಎಂಬುದು ಧ್ವನಿವರ್ಧಕ ಬಾಡಿಗೆಗೆ ಕೊಡುವವರ ನಂಬಿಕೆ. ಆಗುವುದು ಒಂದೇ ದನಿ ಹಲವು ಮೈಕಿಗೆ ಹಿಂದುಮುಂದಾಗಿ ಹೊಕ್ಕು ಟೊಳ್ಳಾಗುವುದು. ಎಲ್ಲ ಮೈಕಿಗೂ ಸ್ಪಂಜಿನ ಟೋಪಿ ಹಾಕಿ, ಮಿಕ್ಸರಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಗಾಳಿಯ ಗುಡುಗುಡು ಹೋಗುತ್ತದೆ. ಸ್ಪೀಕರುಗಳು ಮೈಕಿಗಿಂತ ಮುಂದಿರಲಿ. ಮದುವೆಯ ಡಿಜೆಗೆ ತರುವ ಸಬ್-ವೂಫರ್ ರಾಶಿ ಬೇಡವೆಂದು ಮೊದಲೇ ಬರೆದು ಕೊಡಿ.

ಬ್ಯಾಂಡಿಗೆ ಮೈಕ್ ಇಲ್ಲ. ಸ್ಯಾಕ್ಸೊಫೋನಿನ ಒಂಟಿ ಭಾಗ ಇದ್ದರೆ ಅದಕ್ಕೊಂದು ಇಡಬಹುದು. ಕರಾವಳಿಯಲ್ಲಿ ಸ್ಯಾಕ್ಸೊಫೋನಿಗೆ ಎದ್ದು ನಿಂತು ಕೇಳುವ ಕಿವಿಗಳಿವೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮರುಳಾದ ಕದ್ರಿ ಗೋಪಾಲನಾಥರು ಅದರಲ್ಲಿ ಕರ್ನಾಟಕ ಸಂಗೀತ ಮೂಡಿಸಿದ ನಾಡು ಇದು. ದೇವಸ್ಥಾನದ ಉತ್ಸವಗಳಲ್ಲಿ ನುಡಿಸುವ ಸ್ಯಾಕ್ಸೊಫೋನ್ ಕಲಾವಿದರೊಬ್ಬರನ್ನು ಒಂದು ಕ್ಯಾರಲ್‌ಗೆ ಕರೆಯುವುದು ಒಳ್ಳೆಯ ಉಪಾಯ, ಶ್ರುತಿ ಮಾತ್ರ ಮೊದಲೇ ಮಾತಾಡಿಕೊಳ್ಳಿ.

ಬೆಳಕು ಹಾಕಿದ ಕೂಡಲೇ ಹುಳ. ಹಾಡಲು ಬಾಯಿ ತೆರೆದವರಿಗೆ ಇದು ತಮಾಷೆಯಲ್ಲ. ವೇದಿಕೆಗೆ ಬಿಳಿ ಹ್ಯಾಲೊಜೆನ್ ಅಥವಾ ನೀಲಿ ಎಲ್‌ಇಡಿ ಬೇಡ, ಹಳದಿ ಬಣ್ಣದ ಬೆಚ್ಚನೆ ಎಲ್‌ಇಡಿ ಬಳಸಿ. ವೇದಿಕೆಯಿಂದ 15-20 ಮೀಟರ್ ಆಚೆ, ಜನ ಇಲ್ಲದ ಮೂಲೆಯಲ್ಲಿ, ಒಂದು ಪ್ರಖರ ಬಿಳಿ ದೀಪವನ್ನು ಆರೂ ಕಾಲಿಗೇ ಹಚ್ಚಿಟ್ಟರೆ ಹುಳಗಳಲ್ಲಿ ಹೆಚ್ಚಿನವು ಅಲ್ಲಿ ಸಭೆ ಸೇರುತ್ತವೆ. ಬ್ಯಾಂಡಿನವರ ಹಾಳೆಗೆ ಕ್ಲಿಪ್ ದೀಪ, ಪ್ರತಿ ಸ್ಟ್ಯಾಂಡಿಗೆ ನಾಲ್ಕು ಬಟ್ಟೆ ಕ್ಲಿಪ್ಪು. ಎರಡೇ ಕ್ಲಿಪ್ ಹಾಕಿದರೆ ಕೆಳಗಿನ ಮೂಲೆ ಮಡಚಿ ಕೊನೆಯ ಸಾಲು ಮುಚ್ಚುತ್ತದೆ.

ಸರದಿ

ಟಿಕೆಟ್ ಇಲ್ಲ ಎಂದರೆ ಜನ ಬರುತ್ತಾರೆ, ಹೋಗುತ್ತಾರೆ, ಮಗು ಅತ್ತರೆ ಏಳುತ್ತಾರೆ. ಅದನ್ನು ತಡೆಯುವ ಬದಲು ಕಾರ್ಯಕ್ರಮವನ್ನೇ ತುಂಡು ತುಂಡಾಗಿ ಕಟ್ಟಿ. ಕ್ವಾಯರ್‌ಗೆ 12 ನಿಮಿಷ, ಮೂರು ಹಾಡು. ಬ್ಯಾಂಡಿಗೆ 8-10 ನಿಮಿಷ. ಒಂದು ಕ್ವಾಯರ್ ಇಳಿದು ಇನ್ನೊಂದು ಹತ್ತುವಾಗ ನೆಲದ ಮೇಲಿನ ಬ್ಯಾಂಡ್ ಶುರು ಮಾಡಿರಬೇಕು. ನಿರೂಪಕರು ಖಾಲಿ ತುಂಬಲು ಚುಟುಕು ಹೇಳುವ ಸಂದರ್ಭವೇ ಬರುವುದಿಲ್ಲ. ಎಡ ಬ್ಯಾಂಡ್ ಒಮ್ಮೆ, ಬಲ ಬ್ಯಾಂಡ್ ಒಮ್ಮೆ. ಊದುವವರ ತುಟಿಗೂ ವಿರಾಮ ಬೇಕು. ಬಿಡದೆ 20 ನಿಮಿಷ ಜೋರಾಗಿ ಊದಿದ ಟ್ರಂಪೆಟಿನವನಿಗೆ ಮೇಲಿನ ಸ್ವರ ಸಿಕ್ಕುವುದಿಲ್ಲ.

ಮೆರವಣಿಗೆಯ ಚಾಳಿ ಒಂದಿದೆ: ಎಲ್ಲವೂ ಒಂದೇ ಜೋರು, ಡ್ರಮ್ಮು ಎಂದೂ ನಿಲ್ಲದು. ಬೀದಿಯಲ್ಲಿ ಅದು ಸರಿ, ಕಾಲಿಗೆ ತಾಳ ಬೇಕಲ್ಲ. ನಿಂತು ಕೇಳುವ ಜನರ ಮುಂದೆ ಸ್ನೇರ್ (ಸಣ್ಣ ಡ್ರಮ್), ಜಾಗಟೆಯನ್ನು ಅರ್ಧದಷ್ಟು ಹಾಡುಗಳಿಂದ ತೆಗೆಯಿರಿ. ದೊಡ್ಡ ಡ್ರಮ್ಮಿನ ಒಂದು ಮುಖಕ್ಕೆ ಮಡಚಿದ ಟವೆಲ್ ಒತ್ತಿ ಕಟ್ಟಿ.

ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳ) ತಟ್ಟೆಯ ಬಗ್ಗೆ ಗಟ್ಟಿಯಾಗಿರಬೇಕಾಗುತ್ತದೆ. ಕಿಡಿಯೊ, ನೆವ್ರ್ಯೊ, ಗುಳಿಯೊ ಎಲ್ಲ ನುಡಿಸಿ ಆದ ಮೇಲೆ. ಸಕ್ಕರೆ ಮೆತ್ತಿದ ಬಾಯಿಂದ ಊದಿದರೆ ಎಂಜಲ ಜೊತೆ ಅದು ವಾಲ್ವಿಗೆ ಇಳಿದು ಅಂಟಾಗುತ್ತದೆ, ಒತ್ತಿದ ಪಿಸ್ಟನ್ ಮೇಲೆ ಬರುವುದಿಲ್ಲ. ನುಡಿಸುವ ಮುಂಚೆ ನೀರು ಮಾತ್ರ.

ಇನ್ನು ಸಭಾ ಕಾರ್ಯಕ್ರಮ. ಶಾಲು, ಹಾರ, ಸ್ಮರಣಿಕೆ, ಸ್ವಾಗತ, ವಂದನೆ ಎಂದು ಹಿಡಿದರೆ 40 ನಿಮಿಷ ಎಲ್ಲಿ ಹೋಯಿತೆಂದು ಗೊತ್ತಾಗದು. ಅತಿಥಿಗಳು ಬೇಡವೆಂದಲ್ಲ, ಒಟ್ಟು 5 ನಿಮಿಷ, ಮಧ್ಯದಲ್ಲಿ, ನಿಂತುಕೊಂಡೇ. ಆರಂಭದಲ್ಲಂತೂ ಬೇಡ. ಮೊದಲ ಹತ್ತು ನಿಮಿಷದಲ್ಲಿ ಸಂಗೀತ ಕೇಳದಿದ್ದರೆ ರಸ್ತೆಯಲ್ಲಿ ನಿಂತು ಇಣುಕಿದವರು ಒಳಗೆ ಬರುವುದಿಲ್ಲ.

ಎಲ್ಲರೂ ಒಟ್ಟಿಗೆ

ಕೊನೆಗೆ ಎಲ್ಲ ಕ್ವಾಯರ್, ಎರಡೂ ಬ್ಯಾಂಡ್, ಜನ ಸೇರಿ ಹಾಡುವುದು ಸಂಜೆಯ ಶಿಖರ. ಕೆಡುವುದೂ ಅಲ್ಲೇ. ಸದ್ದು ಒಂದು ಸೆಕೆಂಡಿಗೆ ಸುಮಾರು 347 ಮೀಟರ್ ಓಡುತ್ತದೆ. ಎರಡು ಬ್ಯಾಂಡಿನ ನಡುವೆ 35 ಮೀಟರ್ ಇದ್ದರೆ ಆಚೆಯವರ ಸ್ವರ ಈಚೆಗೆ ತಲಪಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಅದು ಪೆಟ್ಟಿನ ಐದನೇ ಒಂದು ಭಾಗ. ಕಿವಿಯಿಂದ ಕೇಳಿ ಹೊಂದಿಕೊಂಡರೆ ಇವರು ಅವರಿಗಾಗಿ ಕಾಯುತ್ತಾರೆ, ಅವರು ಇವರಿಗಾಗಿ ಕಾಯುತ್ತಾರೆ, ಹಾಡು ಎಳೆದುಕೊಂಡು ಹೋಗಿ ಎರಡನೇ ಚರಣಕ್ಕೆ ನಿಂತೇ ಬಿಡುತ್ತದೆ.

ಪರಿಹಾರ ಕಣ್ಣು. ನಿರ್ದೇಶಕರು ಒಂದು ಮೀಟರ್ ಎತ್ತರದ ಪೀಠದ ಮೇಲೆ, ಮುಖದ ಮೇಲೆ ಬೆಳಕು ಬೀಳುವಂತೆ, ಕೈಗೆ ಬಿಳಿ ಗ್ಲೌಸ್ ಹಾಕಿ ನಿಲ್ಲಲಿ. ಪ್ರತಿ ಬ್ಯಾಂಡಿನ ಮಾಸ್ತರರು ತಮ್ಮ ತಂಡಕ್ಕೆ ಆ ಕೈಯನ್ನೇ ನೋಡಿ ತಾಳ ಹಾಕಲಿ, ಕಿವಿ ಮುಚ್ಚಿಕೊಂಡಂತೆ. ವೇಗ ನಿಮಿಷಕ್ಕೆ 72-84 ದಾಟದಿರಲಿ. ಸಾಧ್ಯವಾದರೆ ಈ ಒಂದು ಹಾಡಿಗೆ ಬ್ಯಾಂಡುಗಳನ್ನು ವೇದಿಕೆಯ ಬುಡಕ್ಕೆ ಕರೆಸಿಕೊಳ್ಳಿ. ಇದೇ ತಡವನ್ನು ಗುಣವಾಗಿಸಿಕೊಳ್ಳಲೂ ಬಹುದು: ಎಡ ಬ್ಯಾಂಡ್ ಒಂದು ಸಾಲು, ಪೂರ್ತಿ ಒಂದು ಪೆಟ್ಟು ಮೌನ, ಬಲ ಬ್ಯಾಂಡ್ ಅದರ ಉತ್ತರ. ನಡುವೆ ಕೂತವರಿಗೆ ಅದರ ಸುಖವೇ ಬೇರೆ.

ಜನರಿಗೆ ಹಾಡಿನ ಹಾಳೆ ಕೊಡುವುದಾದರೆ ನಾಲ್ಕೇ ಹಾಡು, ಎರಡೆರಡು ಚರಣ, ದಪ್ಪಕ್ಷರ. ಕೊಂಕಣಿ, ತುಳು ಕೂಡ ಕನ್ನಡ ಲಿಪಿಯಲ್ಲೇ. ಕಾಗದ ಮತ್ತು ಮೇಣದ ಬತ್ತಿ ಎರಡೂ ಒಟ್ಟಿಗೆ ಕೈಗೆ ಕೊಡಬೇಡಿ. ಮೊಬೈಲ್ ಬೆಳಕು ಸಾಕು.

ಅನುಮತಿ, ಕರೆಂಟು, ಮಳೆ

ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ ಬೇಕು; ನಗರದೊಳಗಾದರೆ ಕಮಿಷನರೇಟಿಗೆ ಸಂಬಂಧಿಸಿದ್ದು. ಜಾಗದ ಮಾಲೀಕರ ಒಪ್ಪಿಗೆ ಪತ್ರದೊಂದಿಗೆ ನಾಲ್ಕು ವಾರ ಮುಂಚೆ ಅರ್ಜಿ ಹಾಕಿ. ಶಬ್ದ ಮಾಲಿನ್ಯದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ. ಸಾರ್ವಜನಿಕ ಜಾಗದ ಗಡಿಯಲ್ಲಿ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಯಾವುದು ಕಡಿಮೆಯೋ ಅದನ್ನು ಮೀರಬಾರದು. ವಸತಿ ಪ್ರದೇಶದ ಹಗಲಿನ ಮಿತಿ 55, ಎಂದರೆ ನಿಮ್ಮ ಗಡಿಯಲ್ಲಿ 65. ಶಾಲೆ, ಆಸ್ಪತ್ರೆ, ನ್ಯಾಯಾಲಯ ಹತ್ತಿರವಿದ್ದರೆ ಅದರ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯವೇ ಎಂದು ಠಾಣೆಯಲ್ಲಿ ಕೇಳಿಕೊಳ್ಳಿ. ಸುತ್ತಲಿನ ಮನೆಗಳಿಗೆ ಹಿಂದಿನ ಭಾನುವಾರವೇ ಹೋಗಿ, ಮುಗಿಯುವ ಸಮಯ ಹೇಳಿ, ಕರೆದು ಬನ್ನಿ. ಅರ್ಧ ದೂರುಗಳು ಅಲ್ಲೇ ತೀರುತ್ತವೆ.

ಹಳೆಯ ಕ್ಯಾರಲ್‌ಗಳಿಗೆ ಹಕ್ಕುಸ್ವಾಮ್ಯದ ತೊಡಕಿಲ್ಲ. ನಮ್ಮ ಕಾನೂನಿನಲ್ಲಿ ಕರ್ತೃ ತೀರಿಕೊಂಡು 60 ವರ್ಷದವರೆಗೆ ಅದು ಇರುತ್ತದೆ. ಹೊಸಬರು ಮಾಡಿದ ಸಂಯೋಜನೆಯ ಮುದ್ರಿತ ಪ್ರತಿಯನ್ನು ಒಂದು ಕೊಂಡು ಮೂವತ್ತು ಜೆರಾಕ್ಸ್ ಮಾಡುವುದು ಬೇರೆ ವಿಷಯ, ಅದು ತಪ್ಪು.

ಧ್ವನಿ, ಬೆಳಕು ಸೇರಿ 4-5 ಕಿಲೋವ್ಯಾಟ್ ಎಂದಿಟ್ಟುಕೊಂಡರೆ 10 ಕೆವಿಎ ಜನರೇಟರ್ ನೆಮ್ಮದಿ. ಅದು ಉತ್ತರ ಅಥವಾ ದಕ್ಷಿಣ ಬದಿಯ ಕಟ್ಟಡವೊಂದರ ಹಿಂದೆ, 40 ಮೀಟರ್ ಆಚೆ ಇರಲಿ. ಹಾಡಿನ ನಡುವಿನ ಮೌನದಲ್ಲಿ ಅದರ ಗುರ್‍ರ್ ಕೇಳಿಸಬಾರದು. ಎಲ್ಲ ಸಾಲಿಗೂ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಇಎಲ್‌ಸಿಬಿ, ಮಣ್ಣಿಗೆ ಸರಿಯಾದ ಅರ್ತಿಂಗ್. ಎಂಟು ಗಂಟೆಯ ಮೇಲೆ ಹುಲ್ಲಿನ ಮೇಲೆ ಮಂಜು ಇಳಿಯಬಹುದು, ವೈರಿನ ಜೋಡಣೆಗಳು ನೆಲದಲ್ಲಿ ಬಿದ್ದಿರದೆ ಇಟ್ಟಿಗೆ ಮೇಲೆ, ಪ್ಲಾಸ್ಟಿಕ್ ಸುತ್ತಿಕೊಂಡಿರಲಿ.

ಡಿಸೆಂಬರಿನಲ್ಲಿ ಮಳೆ ಬರುವುದಿಲ್ಲ ಎನ್ನುವವರು ವಾಯುಭಾರ ಕುಸಿತವನ್ನು ಮರೆತಿರುತ್ತಾರೆ. ಚರ್ಚ್ ಹಾಲನ್ನೂ ಕಾದಿರಿಸಿಡಿ. ನಿರ್ಧಾರ ಮಧ್ಯಾಹ್ನ 2ಕ್ಕೆ, ಒಬ್ಬರೇ ಮಾಡಲಿ. ಆಮೇಲೆ ಬದಲಿಲ್ಲ. ನಡುವೆ ಹನಿ ಬಿದ್ದರೆ ಹಿತ್ತಾಳೆ ವಾದ್ಯಗಳು ತಡೆಯುತ್ತವೆ. ಕ್ಲಾರಿನೆಟಿನ ಮರ, ಸ್ಯಾಕ್ಸೊಫೋನಿನ ಚರ್ಮದ ಪ್ಯಾಡು, ಕೀಬೋರ್ಡು, ಮೈಕು ತಡೆಯವು. ಅವನ್ನು ಮೊದಲು ಒಳಗೆ ಸಾಗಿಸಲು ನಾಲ್ವರನ್ನು ಹೆಸರು ಹೇಳಿಯೇ ನೇಮಿಸಿ.

ಕುರ್ಚಿ 300 ಸಾಕು, ವಯಸ್ಸಾದವರಿಗೆ ಮುಂದಿನ ಎಡಬಲ. ನಟ್ಟ ನಡುವೆ, ವೇದಿಕೆಯ ಎದುರು, ಮಕ್ಕಳಿಗೆ ಚಾಪೆ. ಕುರ್ಚಿಯ ಒಬ್ಬರಿಗೆ ದಾರಿ ಸೇರಿ ಮುಕ್ಕಾಲರಿಂದ ಒಂದು ಚದರ ಮೀಟರ್ ಹಿಡಿಯಿರಿ. ಹಣ ಕಡಿಮೆ ಬಿದ್ದರೆ ಕಡಿತ ಅಲಂಕಾರದಿಂದ ಶುರುವಾಗಲಿ: ನಕ್ಷತ್ರಗಳು ಮನೆಗಳಿಂದ ಬರುತ್ತವೆ, ಯೇಸು ಹುಟ್ಟಿದ ಗೋದಲಿಯನ್ನು ಯುವಕರು ಕಟ್ಟುತ್ತಾರೆ. ಬ್ಯಾಂಡಿನವರ ವಾಹನ ಖರ್ಚು ಮತ್ತು ರಾತ್ರಿಯೂಟದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ.

ಮುಗಿಸುವುದು

9ಕ್ಕೆ ಕೊನೆಯ ಹಾಡು ಮುಗಿದಾಗ "ಎಲ್ಲರೂ ಶಿಸ್ತಿನಿಂದ ಹೊರಡಿ" ಎಂದು ಮೈಕಿನಲ್ಲಿ ಕೂಗುವುದು ದಂಡ, ಜನ ಅಲ್ಲೇ ನಿಂತು ಮಾತಿಗಿಳಿಯುತ್ತಾರೆ. ಗೇಟಿಗೆ ದೂರವಿರುವ ಬ್ಯಾಂಡನ್ನು ಎಬ್ಬಿಸಿ. ಈಗ ಅವರಿಗೆ ಡ್ರಮ್ಮಿನ ಟವೆಲ್ ಬಿಚ್ಚಲು ಹೇಳಿ, ಸ್ನೇರ್, ಜಾಗಟೆ ಎಲ್ಲ ಸೇರಲಿ. ಚುರುಕಾದ ಮಾರ್ಚ್ ನುಡಿಸುತ್ತ ಜನರ ನಡುವಿನ ದಾರಿಯಲ್ಲಿ ನಡೆದು ಗೇಟಿನಾಚೆ ಹೋಗಿ ಬಲಕ್ಕೆ ನಿಲ್ಲಲಿ, ವಾಹನಗಳಿಗೆ ಎಡ ಬದಿ ಖಾಲಿ ಇರಲಿ. ಚಾಪೆಯ ಮಕ್ಕಳು ಮೊದಲು ಹಿಂದೆ ಓಡುತ್ತಾರೆ, ಅವರ ಹಿಂದೆ ಅಪ್ಪ ಅಮ್ಮ. ಮೈಕಿನವರು ವೈರು ಸುತ್ತತೊಡಗುವಷ್ಟರಲ್ಲಿ ಮೈದಾನ ಬಹುಮಟ್ಟಿಗೆ ಖಾಲಿಯಾಗಿರುತ್ತದೆ. ಕುಸ್ವಾರ್ ತಟ್ಟೆಗಳನ್ನು ಆ ಬ್ಯಾಂಡ್ ನಿಂತ ಜಾಗಕ್ಕೇ ಕಳಿಸಿ.